ಹಳೆಯ ಬಂದೂಕುಗಳ ಗುರುತು

ಬೈಲಹೊಂಗಲದಿಂದ ಸಂಗೊಳ್ಳಿಗೆ ಹೋಗುವ ದಾರಿಯ ಊರುಗಳಲ್ಲಿ, ಕಿತ್ತೂರಿನ ಸುತ್ತುಮುತ್ತಿನಲ್ಲಿ, ಮಲಪ್ರಭೆಯ ದಂಡೆಗುಂಟ ಸವದತ್ತಿ ರಾಮದುರ್ಗಗಳ ಕಡೆಗೂ, ಹಳೆಯ ಮನೆತನಗಳ ವಾಡೆಗಳಲ್ಲಿ ಒಂದು ಬಂದೂಕನ್ನು ತೋರಿಸುವುದುಂಟು. ಖಂಡೇನವಮಿಯ ದಿನ ಅದನ್ನು ಗೂಟದಿಂದ ಇಳಿಸಿ, ಒರಸಿ, ವಿಭೂತಿ ಕುಂಕುಮಗಳನ್ನಿಟ್ಟು ಪೂಜಿಸುತ್ತಾರೆ. ಮರುದಿನ ಅದು ಮತ್ತೆ ಗೋಡೆಗೇರುತ್ತದೆ. ಅದು ಯಾರದೆಂದು ಕೇಳಿದರೆ ದೊರೆಯುವ ಉತ್ತರಗಳು ಬಹುಮಟ್ಟಿಗೆ ಎರಡೇ. ಸಂಗೊಳ್ಳಿ ರಾಯಣ್ಣನದು ಎಂಬುದು ಒಂದು. ಯಾರೋ ಸಾಹೇಬನು ಬೇಟೆಗೆ ಬಂದಾಗ ಅಜ್ಜನ ಗುರಿಯನ್ನು ಮೆಚ್ಚಿ ಕೊಟ್ಟುಹೋದದ್ದು ಎಂಬುದು ಇನ್ನೊಂದು. ಈ ಎರಡು ಮಾತುಗಳನ್ನೂ ಪರೀಕ್ಷಿಸುವ ಬಗೆ ಯಾವುದು ಎಂಬುದನ್ನು ನಾವು ಇಂದು ವಿಚಾರಮಾಡೋಣ.

ಇಂಥ ಕಥೆಯನ್ನು ಕೇಳಿದೊಡನೆ ನಗುವುದು ಕಲಿತವರಿಗೆ ಅಂಟಿದ ಒಂದು ಚಾಳಿ. ಕೇಳಿದೊಡನೆ ಕೈಮುಗಿದು ಮುಂದೆ ವಿಚಾರಿಸದಿರುವುದು ಇನ್ನೊಂದು. ಎರಡರಿಂದಲೂ ನಷ್ಟವುಂಟು. ಹಳೆಯ ಆಯುಧಗಳಿಗೆ ಈಗ ಲೋಕದಲ್ಲಿ ಬಹಳ ಬೆಲೆ. ಲಂಡನ್ನಿನ ಹರಾಜುಗಳಲ್ಲಿ ಶ್ರೀರಂಗಪಟ್ಟಣದ ಒಂದು ಬಂದೂಕು ಬಂದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಬೆಲೆಯಿದ್ದ ಕಡೆ ಮೋಸವೂ ಇರುತ್ತದೆ. ಹೆಸರಿಲ್ಲದ ನಳಿಗೆಯ ಮೇಲೆ ಹೆಸರನ್ನು ಕೊರೆಯುವವರೂ, ವಂಶಾವಳಿಯಿಲ್ಲದ ಬಂದೂಕಿಗೆ ವಂಶಾವಳಿಯನ್ನು ಹೊಸೆಯುವವರೂ ಇದ್ದಾರೆ. ಇದರ ಜೊತೆಯಲ್ಲಿಯೇ, ಅಂದವಿಲ್ಲದ ನಿಜವಾದ ಹಳೆಯ ವಸ್ತುಗಳು ಕಬ್ಬಿಣದ ತೂಕಕ್ಕೆ ಗುಜರಿಗೆ ಹೋಗುತ್ತಿವೆ.

ಮೊದಲು ಸಾಹೇಬನ ಬಂದೂಕನ್ನು ತೆಗೆದುಕೊಳ್ಳೋಣ. ಅದರ ವಿಚಾರ ಸುಲಭ; ಏಕೆಂದರೆ ಅದು ಲೆಕ್ಕಪತ್ರಗಳ ನಡುವೆ ಹುಟ್ಟಿದ ವಸ್ತು. ಇಂಗ್ಲೆಂಡಿನಲ್ಲಿ ನಳಿಗೆಯನ್ನು ಮಾರುವುದಕ್ಕೆ ಮುಂಚೆ ಅದಕ್ಕೆ ಅಳತೆಮೀರಿ ಮದ್ದು ತುಂಬಿ ಸಿಡಿಸಿ, ಬಿರಿಯದೆ ನಿಂತುದಕ್ಕೆ ಮುದ್ರೆಯೊತ್ತುವ ಪದ್ಧತಿಯಿದೆ. ಲಂಡನ್ನಿನಲ್ಲಿ ಈ ಕೆಲಸ ೧೬೩೭ರಲ್ಲಿ ಸನ್ನದು ಪಡೆದ ಬಂದೂಕುಗಾರರ ಸಂಘದ್ದು. ಬರ್ಮಿಂಗ್‌ಹ್ಯಾಮಿನಲ್ಲಿ ೧೮೧೩ರಲ್ಲಿ ಸ್ಥಾಪಿತವಾದ ಪರೀಕ್ಷಾಲಯದ್ದು. ಮುದ್ರೆಗಳ ಆಕಾರವು ಕಾಲಕಾಲಕ್ಕೆ ಬದಲಾಗಿರುವುದರಿಂದ, ನಳಿಗೆಯ ಅಡಿಭಾಗವನ್ನು ತಿರುಗಿಸಿ ನೋಡಬಲ್ಲವನಿಗೆ ಬಂದೂಕಿನ ವಯಸ್ಸು ಸ್ಥೂಲವಾಗಿ ತಿಳಿದುಬರುತ್ತದೆ. ಹೊಗೆಯಿಲ್ಲದ ಮದ್ದಿಗೆ ಪರೀಕ್ಷಿತವಾದುದೆಂಬ ಮುದ್ರೆಯಿದ್ದರೆ ಆ ಮುದ್ರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಕೆಲವು ವರ್ಷಗಳಿಗಿಂತ ಹಳೆಯದಾಗಿರಲಾರದು.

ನೋಡುವವರು ಮೊದಲು ಓದುವುದು ನಳಿಗೆಯ ಮೇಲಿನ ತಯಾರಕನ ಹೆಸರನ್ನು. ಆದರೆ ಎಲ್ಲಕ್ಕಿಂತ ಕಡಿಮೆ ನಂಬತಕ್ಕದ್ದೂ ಅದನ್ನೇ. ಲಂಡನ್ನಿನ ಜೋಸೆಫ್ ಮ್ಯಾಂಟನ್ ಎಂಬವನ ಕೀರ್ತಿ ಎಷ್ಟು ದೊಡ್ಡದಾಗಿತ್ತೆಂದರೆ ಅವನು ಕಂಡೂ ಕೇಳದ ಬಂದೂಕುಗಳ ಮೇಲೆ ಅವನ ಹೆಸರು ಕೂತಿತು. ನಂಬತಕ್ಕದ್ದು ನಂಬರು. ರಿಗ್ಬಿ, ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್ ಮುಂತಾದ ಹಳೆಯ ಮನೆಗಳು ತಾವು ಮಾಡಿದ ಬಂದೂಕುಗಳ ಖಾತೆಯನ್ನಿಟ್ಟಿವೆ. ಇಂಥ ನಂಬರಿನದು ಇಂಥ ವರ್ಷ, ಇಷ್ಟು ಉದ್ದದ ನಳಿಗೆಯೊಡನೆ, ಇಂಥವರಿಗೆ ಹೋಯಿತೆಂದು ಅಲ್ಲಿ ಬರೆದಿರುತ್ತದೆ. ಬಂದೂಕಿನ ನಳಿಗೆ, ಅದರ ಹಿಂದಿನ ಉಕ್ಕಿನ ಕಟ್ಟು, ಮುಂದಿನ ಮರ, ಈ ಮೂರೂ ಕಡೆ ಒಂದೇ ನಂಬರಿದ್ದು ಅದು ಖಾತೆಗೆ ಹೊಂದಿದರೆ ಅರ್ಧ ಕೆಲಸ ಮುಗಿದಂತೆ. ಹೊಂದದಿದ್ದರೆ, ಎರಡು ಬಂದೂಕುಗಳನ್ನು ಕೂಡಿಸಿ ಮೂರನೆಯದೊಂದನ್ನು ಮಾಡಿದ್ದಾರೆಂದು ಶಂಕಿಸಬೇಕು. ಕೆತ್ತನೆಯನ್ನು ಭೂತಗನ್ನಡಿಯಲ್ಲಿ ನೋಡುವುದೂ ಅವಶ್ಯ. ಹಳೆಯ ಅಕ್ಷರಗಳ ಅಂಚು ಕೈಯಾಡಿ ಸವೆದಿರುತ್ತದೆ. ತುಕ್ಕಿನ ಕುಳಿಗಳು ಅಕ್ಷರದ ಒಳಗೂ ಇರುತ್ತವೆ. ತುಕ್ಕಿನ ಕುಳಿಗಳನ್ನು ಕತ್ತರಿಸಿಕೊಂಡು ಅಕ್ಷರವು ಚೊಕ್ಕಟವಾಗಿ ಓಡಿದ್ದರೆ, ತುಕ್ಕು ಮೊದಲು ಬಂದಿತು, ಹೆಸರು ಆಮೇಲೆ ಬಂದಿತು ಎಂದೇ ಅರ್ಥ.

ಅಪೂರ್ವವಾದ ಮಾದರಿಗಳಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚಾಗಿ ಬೇಕು. ಹಾಲೆಂಡ್ ಮನೆಯವರು ಕರ್ನಲ್ ಫಾಸ್ಬರಿ ಎಂಬವನ ೧೮೮೫ರ ಪೇಟೆಂಟಿನಂತೆ ಮಾಡಿದ ‘ಪ್ಯಾರಡಾಕ್ಸ್’ ಎಂಬ ಬಂದೂಕಿದೆ. ಹೊರಗೆ ನೋಡಿದರೆ ಹಕ್ಕಿ ಹೊಡೆಯುವ ಸಾಮಾನ್ಯ ಜೋಡುನಳಿಗೆ. ರೈಫಲಿನಲ್ಲಿ ಗುಂಡು ತಿರುಗುತ್ತ ಹೋಗಲೆಂದು ನಳಿಗೆಯ ಒಳಮೈಯ ಉದ್ದಕ್ಕೂ ಸುರುಳಿಗೀರುಗಳನ್ನು ಕೊರೆಯುತ್ತಾರೆ; ಇದರಲ್ಲಿ ಆ ಗೀರುಗಳು ಬಾಯಿಯ ಕಡೆಯ ಕೆಲವು ಅಂಗುಲಗಳಲ್ಲಿ ಮಾತ್ರ. ಆದುದರಿಂದ ಅದರಿಂದ ಚೆರೆಯನ್ನೂ ಹಾರಿಸಬಹುದು, ಹುಲಿಗೆ ಸಾಲುವ ಗುಂಡನ್ನೂ ಹಾರಿಸಬಹುದು. ಬಾಯಿಗೆ ಬೆಳಕು ಹಿಡಿದು ನೋಡದವನು ಅದನ್ನು ಹನ್ನೆರಡು ಬೋರಿನ ಬಂದೂಕೆಂದು ಮಾರಿಬಿಡುತ್ತಾನೆ.

ಬೋರಿನ ವಿಚಾರದಲ್ಲಿ ನಮ್ಮ ದೇಶಕ್ಕೆ ಸೇರಿದ ಒಂದು ವಿಚಿತ್ರ ಪ್ರಕರಣವುಂಟು. ಅಂಗುಲವನ್ನು ಸಾವಿರ ಭಾಗಮಾಡಿ ಅದರಲ್ಲಿ ೪೫೦ ಭಾಗದಷ್ಟು ಅಗಲದ ನಳಿಗೆಯುಳ್ಳ ಜೋಡು ರೈಫಲು ಹುಲಿ, ಕಾಟಿಗಳ ಬೇಟೆಗೆ ಹೆಸರಾಗಿತ್ತು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನ ಬೋರೂ ಅದೇ. ಬೇಟೆಯ ಹೆಸರಿನಲ್ಲಿ ಬಂದ ಸಾಮಗ್ರಿ ದಂಗೆಗಾರರ ಮಾರ್ಟಿನಿಗಳಿಗೆ ಒದಗೀತೆಂದು ಶಂಕಿಸಿ ಬ್ರಿಟಿಷ್ ಸರಕಾರವು ೧೯೦೭ರಲ್ಲಿ ಹಿಂದೂಸ್ಥಾನಕ್ಕೆ ೪೫೦ರ ಆಮದನ್ನು ನಿಷೇಧಿಸಿತು. ಬಂದೂಕುಗಾರರು ಸುಮ್ಮನಿರುವವರೇ? ೪೬೫, ೪೭೦, ೪೭೫ ಎಂದು ಕೂದಲೆಳೆಯಷ್ಟು ವ್ಯತ್ಯಾಸದ ಬೋರುಗಳು ಹೊರಟವು. ಇಂದು ಲೋಕದ ಬೇಟೆಗಾರರೂ ಸಂಗ್ರಾಹಕರೂ ದೊಡ್ಡದಾಗಿ ಮಾತನಾಡುವ ಈ ಬೋರುಗಳ ಭಾಗ್ಯವೆಲ್ಲ ಆ ಒಂದು ಭೀತಿಯಿಂದ ಬಂದದ್ದು. ನಮ್ಮಲ್ಲಿ ಯಾವುದಾದರೂ ಮನೆಯಲ್ಲಿ ೪೫೦ರ ರೈಫಲು ಕಂಡುಬಂದರೆ ಅದು ೧೯೦೭ಕ್ಕೆ ಮೊದಲೇ ಹಡಗಿಳಿದದ್ದಾಗಿರುವ ಸಂಭವ ಹೆಚ್ಚು. ೪೭೦ರದನ್ನು ತೋರಿಸಿ ಇದು ೧೮೮೦ರಲ್ಲಿ ಕಲೆಕ್ಟರನು ಕೊಟ್ಟದ್ದೆಂದು ಹೇಳಿದರೆ ಕಥೆಗೂ ಉಕ್ಕಿಗೂ ಹೊಂದುವುದಿಲ್ಲ.

ಕಥೆಯೂ ಉಕ್ಕೂ ಕಾಗದವೂ ಒಂದಾಗಿ ಹೊಂದಿದ ಉದಾಹರಣೆ ಇಲ್ಲವೆಂದಲ್ಲ. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ಟನಿಗೆ ೧೯೦೭ರಲ್ಲಿ ಬಹುಮಾನವಾಗಿ ಬಂದ ೨೭೫ರ ರಿಗ್ಬಿ ರೈಫಲು ಹಾಗೆ ಉಳಿದಿದೆ. ಹಿಡಿಯಲ್ಲಿ ಕೂಡಿಸಿದ ಬೆಳ್ಳಿಯ ತಗಡು ಕೊಟ್ಟವರನ್ನು ಹೇಳುತ್ತದೆ, ನಂಬರು ತಯಾರಕರ ಖಾತೆಗೆ ಹೊಂದುತ್ತದೆ, ಕೈಯಿಂದ ಕೈಗೆ ಹೋದ ದಾರಿ ಎಲ್ಲಿಯೂ ಕಡಿದಿಲ್ಲ. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಬಳಸುತ್ತಿದ್ದುದು ೪೦೫ರ ವಿಂಚೆಸ್ಟರ್, ೧೮೯೫ರ ಮಾದರಿ. ಇದನ್ನು ಅವನ ಪುಸ್ತಕಗಳನ್ನು ಓದಿದವರೆಲ್ಲ ಬಲ್ಲರು. ಆದುದರಿಂದಲೇ, ಅಂಥದೊಂದು ಎಲ್ಲಿಯಾದರೂ ಕಂಡೊಡನೆ ಅವನ ಹೆಸರನ್ನು ಹೇಳಲು ಬಾಯಿ ತವಕಿಸುತ್ತದೆ. ಆ ಮಾದರಿಯವು ಕಾರ್ಖಾನೆಯಿಂದ ಸಾವಿರಗಟ್ಟಲೆ ಹೊರಬಂದವೆಂಬುದನ್ನು ಆ ಕ್ಷಣದಲ್ಲಿ ಯಾರೂ ನೆನೆಯುವುದಿಲ್ಲ.

ಇನ್ನು ರಾಯಣ್ಣನ ಬಂದೂಕಿಗೆ ಬರೋಣ. ಇಲ್ಲಿ ಖಾತೆಯಿಲ್ಲ, ನಂಬರಿಲ್ಲ. ಇರುವುದು ಇಸವಿಗಳು. ೧೮೨೪ನೆಯ ಅಕ್ಟೋಬರ್ ೨೩ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಠ್ಯಾಕರೆ ಬಿದ್ದನು. ಅಮಟೂರು ಬಾಳಪ್ಪನ ಗುಂಡಿಗೆ ಬಿದ್ದನೆಂದು ಜನ ನೆನೆಯುತ್ತಾರೆ. ಅದೇ ಡಿಸೆಂಬರಿನಲ್ಲಿ ಕೋಟೆ ಹೋಯಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ೧೮೨೯ರ ಫೆಬ್ರವರಿಯಲ್ಲಿ ತೀರಿಕೊಂಡಳು. ರಾಯಣ್ಣನು ದಂಗೆಯೆದ್ದು, ಸೆರೆಸಿಕ್ಕು, ೧೮೩೧ನೆಯ ಜನವರಿ ೨೬ರಂದು ನಂದಗಡದಲ್ಲಿ ಗಲ್ಲಿಗೇರಿದನು. ಅವನು ಹಿಡಿದ ಬಂದೂಕು ಈ ಇಸವಿಗೆ ಮುಂಚೆಯೇ ಹುಟ್ಟಿರಬೇಕು. ಇಷ್ಟೇ ನಮ್ಮ ಒರೆಗಲ್ಲು. ಆದರೆ ಇದು ಸಾಮಾನ್ಯವಾದ ಒರೆಗಲ್ಲಲ್ಲ.

ಕಿಡಿ ಹುಟ್ಟಿಸುವ ಯಂತ್ರಭಾಗವನ್ನು ಕೀಲೆಂದು ಕರೆಯೋಣ. ಅದರಲ್ಲಿ ಮೂರು ಬಗೆ. ಉರಿಯುವ ಹುರಿಯನ್ನು ರಂಜಕದ ಬಟ್ಟಲಿಗೆ ಮುಟ್ಟಿಸುವುದು ಜಾಮಗಿಯ ಬಂದೂಕು. ಕಲ್ಲನ್ನು ಉಕ್ಕಿಗೆ ಬಡಿಸುವುದು ಚಕಮಕಿಯ ಬಂದೂಕು. ತಾಮ್ರದ ಕೇಪಿನ ಮೇಲೆ ಸುತ್ತಿಗೆ ಬೀಳುವುದು ಕೇಪಿನ ಬಂದೂಕು. ಈ ಮೂರನೆಯದರ ಮೂಲವೂ ಬೇಟೆಯೇ. ಬಟ್ಟಲಿನ ಹೊಳಪನ್ನು ಕಂಡು ಹಕ್ಕಿಗಳು ಗುಂಡಿಗಿಂತ ಮೊದಲೇ ಹಾರಿಹೋಗುತ್ತಿದ್ದುದರಿಂದ ಬೇಸತ್ತ ಫಾರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು ೧೮೦೭ರಲ್ಲಿ ಬಡಿತಕ್ಕೆ ಸಿಡಿಯುವ ಮದ್ದಿಗೆ ಪೇಟೆಂಟನ್ನು ಪಡೆದನು. ಬೇಟೆಯ ಶೋಕಿಯುಳ್ಳ ಒಬ್ಬಿಬ್ಬರು ಸಾಹೇಬರ ಕೈಯಲ್ಲಿ ಕೇಪಿನ ಬಂದೂಕು ೧೮೨೦ರ ದಶಕದಲ್ಲಿಯೇ ಇದ್ದಿರಬಹುದು. ಸೈನ್ಯಕ್ಕೆ ಅದು ಬಂದದ್ದು ೧೮೪೦ರ ಸುಮಾರಿಗೆ. ಕಿತ್ತೂರಿನ ಕಾಳಗದ ಕಂಪನಿಯ ಸಿಪಾಯಿಯ ಕೈಯಲ್ಲಿದ್ದುದು ೩೯ ಅಂಗುಲದ ನಳಿಗೆಯ ಚಕಮಕಿ. ಅದರ ಕೀಲಿನ ತಗಡಿನ ಮೇಲೆ ಕಂಪನಿಯ ಗುರುತಿರುತ್ತದೆ. ೧೮೦೮ರವರೆಗೆ ಅದು ಹೃದಯದ ಆಕಾರ, ಅದರ ನೆತ್ತಿಯ ಮೇಲೆ ನಾಲ್ಕರ ಅಂಕಿಯಂಥ ಒಂದು ಚಿಹ್ನೆ. ಅಲ್ಲಿಂದ ಮುಂದೆ ಹಿಂಗಾಲ ಮೇಲೆ ನಿಂತ ಸಿಂಹ. ಸಿಂಹದ ಗುರುತಿನ ಚಕಮಕಿಯೊಂದು ಈ ಪ್ರಾಂತದಲ್ಲಿ ದೊರೆತರೆ ಅದು ಆ ಕಾಲದ್ದಾಗಿರಬಹುದೆಂದು ಹೇಳಬಹುದೇ ಹೊರತು, ಆ ಕಾಳಗದಲ್ಲಿ ಸಿಕ್ಕದ್ದೆಂದು ಹೇಳಲಾಗದು. ಗುರುತು ಕಾಲವನ್ನು ಹೇಳುತ್ತದೆ, ಕೈಯನ್ನು ಹೇಳುವುದಿಲ್ಲ.

ಚಕಮಕಿಗೆ ಬೆಲೆ ಹೆಚ್ಚೆಂದು ತಿಳಿದವರು ಕೇಪಿನ ಬಂದೂಕನ್ನು ಹಿಂದಕ್ಕೆ ತಿರುಗಿಸಿ ಚಕಮಕಿಯನ್ನಾಗಿ ಮಾಡುವುದೂ ಉಂಟು. ಕೇಪು ಕೂರುವ ತೊಟ್ಟನ್ನು ಕಿತ್ತು, ತೂತನ್ನು ಮುಚ್ಚಿ, ಹೊಸ ಬಟ್ಟಲನ್ನು ಕೂಡಿಸುತ್ತಾರೆ. ಆದರೆ ನಿಜವಾದ ಚಕಮಕಿಯಲ್ಲಿ ಬಟ್ಟಲಿನ ಪಕ್ಕದ ಉಕ್ಕನ್ನು ವರ್ಷಗಟ್ಟಲೆ ಬೆಂಕಿ ನೆಕ್ಕಿರುತ್ತದೆ, ಕಿವಿಯ ತೂತು ಅಗಲವಾಗಿರುತ್ತದೆ. ಬೆಂಕಿಯ ಈ ಸವೆತವನ್ನು ಅರದಿಂದ ತರುವುದು ಕಷ್ಟ.

ಬೈಲಹೊಂಗಲದ ಕಡೆಯ ಒಂದು ವಾಡೆಯಲ್ಲಿ ನಮಗೆ ಇಂಥ ಪರೀಕ್ಷೆಯ ಪ್ರಸಂಗ ಬಂದಿತು. ಮನೆಯ ಹಿರಿಯರು ಬಂದೂಕನ್ನು ತಂದು ಕಂಬಳಿಯ ಮೇಲೆ ಇಟ್ಟು, “ಮಾಸ್ತರ, ಇದು ನಮ್ಮ ಮುತ್ತ್ಯಾ ಕಾಯ್ದಿಟ್ಟದ್ದರೀ. ರಾಯಣ್ಣನ ಕೈಯಾಗಿಂದು ಅಂತಾರ” ಎಂದರು. ಕೀಲಿನ ತಗಡನ್ನು ಒದ್ದೆಬಟ್ಟೆಯಲ್ಲಿ ಒರಸಿದಾಗ ಒಂದು ಕಿರೀಟ, ಅದರ ಕೆಳಗೆ ‘ವಿ. ಆರ್.’ ಎಂಬ ಎರಡು ಇಂಗ್ಲಿಷ್ ಅಕ್ಷರ, ೧೮೬೨ ಎಂಬ ಇಸವಿ ಕಂಡವು. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು ೧೮೩೭ರಲ್ಲಿ. ಅಷ್ಟುಹೊತ್ತಿಗೆ ರಾಯಣ್ಣನು ಹೋಗಿ ಆರು ವರ್ಷ. ಇಸವಿ ಅಳಿಸಿಹೋಗಿದ್ದರೂ ಆ ಎರಡಕ್ಷರಗಳೇ ಸಾಕಾಗಿದ್ದವು. ಆದರೆ ಬಂದೂಕಿನ ಮಾತು ಅಲ್ಲಿಗೇ ಮುಗಿಯಲಿಲ್ಲ. ಹೊರನೋಟಕ್ಕೆ ಅದು ಎನ್‌ಫೀಲ್ಡ್ ರೈಫಲು, ೧೮೫೭ರ ದಂಗೆಗೆ ಯಾವುದರ ತೋಟೆ ಕಿಡಿಯಾಯಿತೋ ಅದೇ ಜಾತಿಯದು. ಬಾಯಿಗೆ ದೀಪ ಹಿಡಿದು ನೋಡಿದರೆ ಒಳಗೆ ಗೀರುಗಳಿಲ್ಲ! ನುಣುಪಾದ ನಳಿಗೆ. ಹಿಂದಿನ ಗುರಿಯ ತುಂಡು ಏರಿಸಲು ಇಳಿಸಲು ಬಾರದ ಸ್ಥಿರವಾದ ಕಟ್ಟು. ದಂಗೆಯಾದಮೇಲೆ ಸರಕಾರವು ದೇಶೀಯ ಸಿಪಾಯಿಗಳಿಗೆ ಬಿಳಿಯರ ಬಂದೂಕಿಗೆ ಸರಿಸಮವಾದುದನ್ನು ಕೊಡಬಾರದೆಂದು ನಿಶ್ಚಯಿಸಿ, ರೂಪದಲ್ಲಿ ಎನ್‌ಫೀಲ್ಡಿನಂತೆಯೇ ಇದ್ದು ಗುರಿಯಲ್ಲಿ ಅದಕ್ಕಿಂತ ಕೀಳಾದ ಈ ಬಗೆಯನ್ನು ಮಾಡಿಸಿತು. ಅಪೂರ್ವ ಮಾದರಿಗಳನ್ನು ಹುಡುಕುವವರು ಇದನ್ನು ಬಹಳ ಮೆಚ್ಚುತ್ತಾರೆ. ನಮಗೆ ಅದರಲ್ಲಿ ಕಂಡದ್ದು ಆಳುವವರ ಅಪನಂಬಿಕೆ. ಅದನ್ನು ಇಷ್ಟು ಸ್ಪಷ್ಟವಾಗಿ ಕೊರೆದಿಟ್ಟ ದಸ್ತೈವಜು ದಫ್ತರಗಳಲ್ಲಿಯೂ ವಿರಳ.

ಹಿರಿಯರಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಇದು ಸರಕಾರದ ಮಂದೀದು, ನಮ್ಮ ಮಂದೀದಲ್ಲ?” ಎಂದು ಕೇಳಿದರು. ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಮಂದಿಯ ಬಂದೂಕು ಯಾವುದು, ಅದೆಲ್ಲಿ ಹೋಯಿತು?

ರಾಯಣ್ಣನು ಶೇತಸನದಿ. ಎಂದರೆ ಹೊಲದ ಉಂಬಳಿಯನ್ನುಂಡು ಊರ ಕಾವಲಿನ ಚಾಕರಿ ಮಾಡುವವನು. ಇಂಥವರಿಗೆ ಬಂದೂಕೆಂದರೆ ಬಹುತೇಕ ಜಾಮಗಿಯದೇ. ಊರ ಕಂಬಾರನೂ ಪೇಟೆಯ ಕುಶಲನೂ ಮಾಡುತ್ತಿದ್ದ ಆ ಬಂದೂಕಿನ ದಿಂಡು ನೆಟ್ಟಗೆ, ಸಪೂರವಾಗಿ ಇರುತ್ತದೆ. ಹುರಿ ಕಚ್ಚುವ ಕಬ್ಬಿಣದ ಕೊಕ್ಕು ಮರದ ಸೀಳಿನೊಳಗಿಂದ ಮೇಲಕ್ಕೆದ್ದು, ಕೆಳಗಿನ ಸನ್ನೆಯನ್ನು ಒತ್ತಿದಾಗ ಮುಂದಕ್ಕೆ ಬಾಗಿ ಬಟ್ಟಲನ್ನು ಮುಟ್ಟುತ್ತದೆ. ಅದಕ್ಕೆ ಮುದ್ರೆಯಿಲ್ಲ, ಇಸವಿಯಿಲ್ಲ, ತಯಾರಕನ ಹೆಸರಿಲ್ಲ. ಒಂದೇ ಮಾದರಿಯನ್ನು ಮೂರು ತಲೆಮಾರಿನವರು ಮಾಡಿರುವುದರಿಂದ ಅದರ ವಯಸ್ಸನ್ನು ಹೇಳುವುದೂ ಕಷ್ಟ. ಹಾಗಾಗಿ ಸಂಗ್ರಾಹಕರು ಅದನ್ನು ಕೇಳುವವರಲ್ಲ. ಈ ಸೀಮೆಯಲ್ಲಿ ನಿಜಕ್ಕೂ ಅಪೂರ್ವವಾದದ್ದು ಅದೇ ಎಂಬುದು ನಮ್ಮ ಅಭಿಪ್ರಾಯ.

ಅಪೂರ್ವವಾಯಿತೇಕೆ ಎಂಬುದಕ್ಕೆ ಚರಿತ್ರೆಯಲ್ಲಿ ಉತ್ತರವಿದೆ. ೧೮೫೭ರಲ್ಲಿ ಹತಾರಗಳನ್ನು ಒಪ್ಪಿಸಬೇಕೆಂಬ ಕಾಯಿದೆ ಬಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಿಸುವುದಿಲ್ಲವೆಂದರು. ಆ ವರ್ಷದ ನವೆಂಬರಿನಲ್ಲಿ ಊರಿನ ಮೇಲೆ ದಂಡು ಬಂದಿತು, ಸೆರೆಸಿಕ್ಕವರು ನೇಣಿಗೇರಿದರು. ರಾಯಣ್ಣನ ಲಾವಣಿಯನ್ನೂ ಹಲಗಲಿಯ ಲಾವಣಿಯನ್ನೂ ಜನರ ಬಾಯಿಂದ ಸಂಗ್ರಹಿಸಿ ಅಚ್ಚುಮಾಡಿಸಿದವನು, ನಮ್ಮ ಶಾಸನಗಳನ್ನು ಓದಿದ ಆ ಫ್ಲೀಟ್ ಸಾಹೇಬನೇ ಎಂಬುದು ನೆನೆಯತಕ್ಕ ಸಂಗತಿ. ಮರುವರ್ಷ ೧೮೫೮ರ ಮೇ ತಿಂಗಳಲ್ಲಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ನರಗುಂದದ ಬಾಬಾಸಾಹೇಬನ ಕಡೆಯವರು ಕೊಂದರು. ಆಮೇಲೆ ಕೇಳಬೇಕೆ? ೧೮೭೮ರ ಆಯುಧ ಕಾಯಿದೆಯಿಂದ ಲೈಸೆನ್ಸಿಲ್ಲದ ಬಂದೂಕು ಅಪರಾಧವಾಯಿತು. ಲೈಸೆನ್ಸು ದೊರೆತದ್ದು ವಾಡೆಗಳಿಗೆ. ಗುಡಿಸಿಲಿನ ಜಾಮಗಿ ಕುಲುಮೆಗೆ ಹೋಯಿತು. ಇದಕ್ಕೆ ಪ್ರತಿಯಾಗಿ ಕೊಡಗನ್ನು ನೋಡಿರಿ. ಅಲ್ಲಿ ಕೊಡವರಿಗೂ ಜಮ್ಮಾ ಭೂಮಿಯವರಿಗೂ ೧೮೬೧ರಿಂದ ಈ ಕಾಯಿದೆಗಳಿಂದ ವಿನಾಯಿತಿ. ಕೈಲ್ ಪೊಳ್ದಿನ ದಿನ ಮನೆಮನೆಯಲ್ಲಿ ಕೋವಿಗೆ ಹೂವೇರಿಸುತ್ತಾರೆ. ಒಂದು ನಾಡಿನ ನೂರು ಮನೆಗಳಲ್ಲಿ ಉಳಿದದ್ದು ಇನ್ನೊಂದು ನಾಡಿನ ನೂರು ಮನೆಗಳಲ್ಲಿ ಉಳಿಯದಿದ್ದರೆ, ಅದು ಜನರ ಅಲಕ್ಷ್ಯವಲ್ಲ, ಸರಕಾರದ ಆಜ್ಞೆ.

ಈಚೆಗೂ ಹಳೆಯ ಬಂದೂಕಿಗೆ ಕಂಟಕ ತಪ್ಪಿಲ್ಲ. ೧೯೭೨ರ ವನ್ಯಜೀವಿ ಕಾಯಿದೆಯಿಂದ ಬೇಟೆ ನಿಂತಿತು; ನಿಂತದ್ದು ಒಳ್ಳೆಯದೇ ಆಯಿತು. ೨೦೧೯ರ ತಿದ್ದುಪಡಿಯಿಂದ ಒಬ್ಬ ಲೈಸೆನ್ಸುದಾರನು ಮೂರರ ಬದಲು ಎರಡು ಬಂದೂಕುಗಳನ್ನು ಮಾತ್ರ ಇಟ್ಟುಕೊಳ್ಳತಕ್ಕದ್ದೆಂದಾಯಿತು. ಮೂರರಲ್ಲಿ ಒಂದನ್ನು ಬಿಡಬೇಕಾದಾಗ ಮನೆಯವರು ಬಿಡುವುದು ಕೆಲಸಕ್ಕೆ ಬಾರದ ಹಳೆಯದನ್ನು. ರಿಪೇರಿಯಿಂದಲೂ ಹಾರಿಸಲು ಬಾರದ ಪುರಾತನ ಆಯುಧಕ್ಕೆ ೧೯೫೯ರ ಆಯುಧ ಕಾಯಿದೆಯ ೪೫ನೆಯ ಪ್ರಕರಣದಲ್ಲಿ ವಿನಾಯಿತಿಯುಂಟೆಂಬುದು ಹಲವರಿಗೆ ತಿಳಿಯದು. ನೂರು ವರ್ಷ ಮೀರಿದ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸಕೂಡದೆಂಬ ೧೯೭೨ರ ಪುರಾವಸ್ತು ಕಾಯಿದೆಯೂ ತಿಳಿಯದು. ತಿಳಿದವರನ್ನು ಕೇಳುವ ಮೊದಲೇ ವ್ಯಾಪಾರಿಯ ಚೀಲ ತುಂಬಿರುತ್ತದೆ.

ಮನೆಯಲ್ಲಿ ಹಳೆಯ ಬಂದೂಕು ಇದ್ದವರಿಗೆ ಒಂದೆರಡು ಮಾತು. ಹುಣಿಸೆಹಣ್ಣು, ಇಟ್ಟಂಗಿಯ ಪುಡಿ, ಮರಳುಕಾಗದ, ಇವು ಯಾವುವನ್ನೂ ಮುಟ್ಟಿಸಬೇಡಿರಿ. ಒಂದು ಮಧ್ಯಾಹ್ನದ ತಿಕ್ಕಾಟದಲ್ಲಿ ಇನ್ನೂರು ವರ್ಷದ ಗುರುತುಗಳು ಹೋಗುತ್ತವೆ. ಬಾಯಿಂದ ಮದ್ದು ತುಂಬುವ ಬಂದೂಕುಗಳಲ್ಲಿ ಎಂದೋ ತುಂಬಿದ ಮದ್ದು ಹಾಗೆಯೇ ಉಳಿದಿರುವುದುಂಟು. ನಳಿಗೆಯ ಬಾಯಿಂದ ಪಕ್ಕಕ್ಕೆ ನಿಂತು, ಸಪೂರವಾದ ಬಿದಿರುಕಡ್ಡಿಯನ್ನು ಮೆಲ್ಲಗೆ ಇಳಿಬಿಟ್ಟು ಬಾಯಿಯ ಮಟ್ಟಕ್ಕೆ ಗುರುತುಮಾಡಿ, ಆಮೇಲೆ ಅದೇ ಕಡ್ಡಿಯನ್ನು ನಳಿಗೆಯ ಹೊರಗೆ ಇಟ್ಟು ನೋಡಬೇಕು. ಕಡ್ಡಿಯ ತುದಿ ಕಿವಿಯ ತೂತಿನವರೆಗೆ ಮುಟ್ಟದೆ ಎರಡು ಮೂರು ಅಂಗುಲ ಈಚೆಗೇ ನಿಂತರೆ, ಒಳಗೆ ಏನೋ ಇದೆ. ಅದನ್ನು ತೆಗೆಯುವ ಸಾಹಸ ಬೇಡ. ಪೋಲೀಸು ಠಾಣೆಗೆ ತಿಳಿಸಿ ಬಲ್ಲವರನ್ನು ಕರೆಸುವುದು ಲೇಸು.

ಪರೀಕ್ಷಿಸುವಾಗ ನಾವು ಒಂದು ನೋಟುಬುಕ್ಕಿನ ಎಡಪುಟದಲ್ಲಿ ಮನೆಯವರು ಹೇಳಿದ ಕಥೆಯನ್ನು, ಹೇಳಿದವರ ಹೆಸರು ತಾರೀಖುಗಳೊಡನೆ, ಅವರ ಮಾತಿನಲ್ಲಿಯೇ ಬರೆಯುತ್ತೇವೆ. ಬಲಪುಟದಲ್ಲಿ ಬಂದೂಕಿನ ಅಳತೆ ಗುರುತುಗಳನ್ನು. ಒಂದನ್ನು ನೋಡಿ ಇನ್ನೊಂದನ್ನು ತಿದ್ದುವುದಿಲ್ಲ. ಆ ವಾಡೆಯಲ್ಲಿ ಹೀಗೆ ಬರೆದು ಮುಗಿಸಿ ಹಿತ್ತಲ ಕಡೆ ಬಂದಾಗ, ದನದ ಹಕ್ಕೆಯಲ್ಲಿ ಎತ್ತು ಕಟ್ಟಿದ್ದ ಗೂಟ ಕಬ್ಬಿಣದ್ದಾಗಿತ್ತು. ಬಾಯಿ ಕೆಳಗಾಗಿ ನೆಲಕ್ಕೆ ಬಡಿದ ನಳಿಗೆ. ಹ್ಯಾಗದ ಉಜ್ಜಾಟಕ್ಕೆ ಸವೆದಿದ್ದರೂ ಪಕ್ಕದಲ್ಲಿ ರಂಜಕದ ಬಟ್ಟಲು, ಅದರ ಕಿವಿ ಇನ್ನೂ ಇದ್ದವು. ಜಾಮಗಿಯ ಬಂದೂಕಿನದು. ನೆಲದ ಮೇಲೆ ಕಾಣುವಷ್ಟನ್ನು ಅಳೆದು ಬಲಪುಟದಲ್ಲಿ ಬರೆದೆವು. ಎಡಪುಟದಲ್ಲಿ ಬರೆಯಲು ಅದರ ವಿಷಯವಾಗಿ ಆ ಮನೆಯಲ್ಲಿ ಯಾರಿಗೂ ಒಂದು ಮಾತೂ ನೆನಪಿರಲಿಲ್ಲ.